ತುಕ್ಕು ಹತ್ತದ ತಾಯಿಗಿಡ

ಕಾಫಿಗೆ ತುಕ್ಕಿನ ಎಲೆರೋಗ ಜೋರಾದ ವರ್ಷ, ಮಳೆಗಾಲ ಮುಗಿಯುವಷ್ಟರಲ್ಲಿ ಅಮ್ಮತ್ತಿ ಕಡೆಯ ಸಣ್ಣ ತೋಟಗಳೆಲ್ಲ ಬೋಳಾದವು. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. ಮುಟ್ಟಿದರೆ ಬೆರಳಿಗೆ ಅರಿಸಿನದ ಹಾಗೆ ಅಂಟುತ್ತಿತ್ತು. ನಮ್ಮ ಹಿತ್ತಲಲ್ಲಿ, ಬಚ್ಚಲಿನ ಪಕ್ಕದ ಒಂದು ಗಿಡ ಮಾತ್ರ ಕಡು ಹಸಿರಾಗಿ ನಿಂತಿತ್ತು. ಕೊಂಬೆ ಬಾಗುವಷ್ಟು ಹಣ್ಣು ಬೇರೆ. ಇದೇ ಬೀಜದ ತಾಯಿಗಿಡ, ಇದಕ್ಕೆ ತುಕ್ಕು ಹತ್ತುವುದಿಲ್ಲ ಎಂದು ಅಪ್ಪ ಸಾರಿಬಿಟ್ಟರು. ಜನ ನೋಡಲು ಬಂದರು. ಅಪ್ಪ ಬೀಗಿದ್ದೇ ಬೀಗಿದ್ದು. ಈಗ ನೆನೆದರೂ ನನಗೆ ಮೈ ಉರಿಯುತ್ತದೆ.

ಆ ಗಿಡಕ್ಕೆ ಯಾವ ಮಹಿಮೆಯೂ ಇರಲಿಲ್ಲ. ಅಪ್ಪ ಬಿಳಿ ದೊರೆಯ ಎಸ್ಟೇಟಿನಲ್ಲಿ ಔಷಧಿ ಹೊಡೆಸುವ ಮೇಸ್ತ್ರಿ. ಮೈಲುತುತ್ತ, ಸುಣ್ಣ ಕಲಸಿದ ನೀಲಿ ನೀರನ್ನು ಎಲೆಯಡಿಗೆ ಸಿಡಿಸುವ ಕೆಲಸ. ಪಂಪು ಕಳುವಾದರೆ ತನ್ನ ತಲೆಗೆ ಬಂದೀತೆಂದು ಸಂಜೆ ಅದನ್ನು ಮನೆಗೇ ಹೊತ್ತು ತರುತ್ತಿದ್ದರು. ಕೊಳವೆ ಕಟ್ಟಿಕೊಳ್ಳಬಾರದಲ್ಲ, ತಳದಲ್ಲಿ ಉಳಿದ ಔಷಧಿಯನ್ನು ಬಚ್ಚಲ ಬಳಿಯ ಆ ಗಿಡಕ್ಕೆ ಹೊಡೆದು ಖಾಲಿ ಮಾಡುತ್ತಿದ್ದರು. ಎಸ್ಟೇಟಿನ ಗಿಡಕ್ಕೆ ಅಪರೂಪಕ್ಕೆ ಸಿಗುವ ಔಷಧಿ ಇದಕ್ಕೆ ದಿನವೂ ಸಿಗುತ್ತಿತ್ತು. ಬಂದವರಿಗಿರಲಿ, ಹೊಡೆದವರಿಗೇ ಅದು ಹೊಳೆಯಲಿಲ್ಲ.

ಅಪ್ಪ ನಡುಕೊಂಬೆಗಳ ಹಣ್ಣನ್ನಷ್ಟೇ ಆರಿಸಿ, ಸಿಪ್ಪೆ ಬಿಡಿಸಿ, ನೀರಿನಲ್ಲಿ ತೇಲಿದ ಬೀಜ ಬಿಸಾಡಿ, ಮುಳುಗಿದ್ದನ್ನು ಬೂದಿ ಹಚ್ಚಿ ನೆರಳಲ್ಲಿ ಒಣಗಿಸಿದರು. ಅದೇ ಸುಗ್ಗಿಯಲ್ಲಿ ನನ್ನ ಮದುವೆಯಾಯಿತು. ಸುಂಟಿಕೊಪ್ಪದ ಆಚೆಯ ಗಂಡನ ಮನೆಗೆ ನಾನು ಹೊರಟಾಗ ಬೀಜದ ಬುಟ್ಟಿಯೂ ನನ್ನ ಜೊತೆ ಗಾಡಿ ಹತ್ತಿತು.

ಮಾವನ ತೋಟಕ್ಕೂ ರೋಗ ಬಡಿದಿತ್ತು. ಆದರೂ ಮನೆಮಂದಿಯ ಹೊಟ್ಟೆಗಾಗುವಷ್ಟು ಫಸಲು ಸಿಗುತ್ತಿತ್ತು. ಅಪ್ಪನ ಮಾತು ನಂಬಿ ಮಾವ ಬೀಜವನ್ನು ಸಸಿಮಡಿಯಲ್ಲಿ ಹಾಕಿದರು. ಮೊಳಕೆ ಚೆನ್ನಾಗಿ ಬಂದದ್ದೇ ತಡ, ಹಳೆಯ ಗಿಡಗಳನ್ನೆಲ್ಲ ಕಿತ್ತು ರಾಶಿ ಹಾಕಿ ಸುಟ್ಟರು. ನಾಲ್ಕು ಗಿಡವಾದರೂ ಇರಲಿ ಎಂದು ಅತ್ತೆ ಗೊಣಗಿದರು. ಆ ಹೊಗೆ ಅಡುಗೆಮನೆಗೆ ನುಗ್ಗಿದಾಗ ನನಗೆ ಏಕೋ ಭಯವಾಯಿತು. ನನ್ನ ತವರಿನ ಮಾತಿಗಾಗಿ ಒಂದು ಮನೆಯ ಅನ್ನ ಉರಿಯುತ್ತಿತ್ತು.

ಮಳೆ ಒಂದು ಹದಕ್ಕೆ ಬಂದು ಸಸಿ ನೆಡುವ ಹೊತ್ತಿಗೆ ಅಪ್ಪ ಹೇಳದೆ ಕೇಳದೆ ಬಂದರು. ಮುಖ ಬಾಡಿತ್ತು. ಅಂಗಳ ಬಿಟ್ಟು ಹಿಂದಿನಿಂದ ಅಡುಗೆಮನೆಗೇ ಬಂದರು.

"ಜ್ವರ ಬಂದು ಈ ಸಲ ನಾನು ಪಂಪೇ ಮುಟ್ಲಿಲ್ಲ ಮಗಳೇ. ಗಿಡ ಬೋಳಾಗಿ ನಿಂತುಂಟು. ಅದನ್ನ ಉಳಿಸಿದ್ದು ಆ ನೀಲಿ ನೀರು, ಮತ್ತೆಂಥದ್ದೂ ಅಲ್ಲ."

"ಇಲ್ಲಿ ಎಲ್ಲ ಸುಟ್ಟಾಯ್ತಲ್ಲಪ್ಪ!"

"ನೀನೇ ಮೆಲ್ಲ ಮಾವನ ಕಿವಿಗೆ ಹಾಕು."

"ಕೊಡೋದಕ್ಕೆ ನಿಮ್ಮ ಕೈ, ಹೇಳೋದಕ್ಕೆ ನನ್ನ ಬಾಯಾ?" ಎಂದೆ. ಅಪ್ಪನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅಂಗಳದಿಂದ ಮಾವ ಕೂಗಿದರು. ಹೋಗಿ ನೋಡಿದರೆ ಅಕ್ಕಪಕ್ಕದ ಮನೆಯವರು ಬುಟ್ಟಿ ಹಿಡಿದು ನಿಂತಿದ್ದಾರೆ. ಮಿಕ್ಕ ಸಸಿಗಳನ್ನು ಅವರಿಗೆ ಕೊಡುತ್ತೇನೆಂದು ಮಾವ ಮಾತು ಕೊಟ್ಟಿದ್ದರಂತೆ. ಅವರೂ ತಮ್ಮ ಹಳೇ ಗಿಡ ಕಿತ್ತಿದ್ದರು. ನನ್ನ ಹಿಂದೆಯೇ ಬಂದ ಅಪ್ಪನನ್ನು ಕಂಡು ಮಾವನ ಮುಖ ಅರಳಿತು.

"ಒಳ್ಳೇ ಹೊತ್ತಿಗೆ ಬಂದ್ರಿ ಬೀಗರೇ. ನಿಮ್ಮ ಕೈಗುಣ ದೊಡ್ಡದು. ಮೊದಲ ಸಸಿ ನೀವೇ ಎತ್ತಿ ಕೊಡಿ."

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ, ಮಣ್ಣಿನ ಸಮೇತ ಒಂದು ಸಸಿ ಎತ್ತಿ, ಮುಂದೆ ನಿಂತಿದ್ದ ಮುದುಕಿಯ ಬುಟ್ಟಿಗಿಟ್ಟರು. ಆಕೆ ಕೈ ಮುಗಿದಳು. ನನಗೆ ತಡೆಯಲಾಗಲಿಲ್ಲ. ಬುಟ್ಟಿಗೆ ಕೈ ಹಾಕಿ ಸಸಿಯ ಎಲೆ ಮಗುಚಿ ಮಾವನ ಮುಂದೆ ಹಿಡಿದೆ. ಅಡಿಯಲ್ಲಿ ಸಾಸಿವೆಯಷ್ಟೇ ಸಣ್ಣ ಕಿತ್ತಳೆ ಚುಕ್ಕೆಗಳಿದ್ದವು. ಪಂಪಿನ ವಿಷಯವನ್ನೂ ಎಲ್ಲರೆದುರೇ ಹೇಳಿದೆ.

ಮಾವ ಅಪ್ಪನನ್ನು ಏನೂ ಕೇಳಲಿಲ್ಲ. ನನ್ನನ್ನು ಕೇಳಿದರು: "ಗೊತ್ತಿದ್ದೇ ಕಳಿಸಿದ್ರಾ ಮಗಳೇ?"

ಇಲ್ಲ ಎಂದೆ. ಅದು ಸತ್ಯ. ಅಪ್ಪನೂ ಇಲ್ಲವೆಂದು ತಲೆಯಾಡಿಸಿದರು. ಯಾರೂ ನಂಬಲಿಲ್ಲ. ಜನ ಖಾಲಿ ಬುಟ್ಟಿ ಹಿಡಿದು ಒಬ್ಬೊಬ್ಬರಾಗಿ ಅಂಗಳ ಇಳಿದರು. ಅವರ ಹಿಂದೆಯೇ ಅಪ್ಪನೂ ಹೋದರು, ಉಣ್ಣದೆ. ನಾನು ಹೋಗುವಂತಿರಲಿಲ್ಲ. ಮರುದಿನ ಬೆಳಗ್ಗೆ ನೀರಿಗೆ ಅವರೆಲ್ಲರ ಮನೆ ಮುಂದೆಯೇ ಕೊಡ ಹಿಡಿದು ನಡೆಯಬೇಕಿತ್ತು.