ಬಬಲೇಶ್ವರದಲ್ಲಿ ಊಟಕ್ಕೆ ಕುಳಿತಿದ್ದೇನೆ ಎಂದ ದಿನ

ನಾಲ್ಕು ವರ್ಷದ ಹಿಂದೆ, ದ್ರಾಕ್ಷಿ ಸುಗ್ಗಿಯ ಹೊತ್ತಿಗೆ, ವಿಜಯಪುರದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಲೋಕಲ್ ಡ್ರೈವರ್ ಆಗಿ ಸೇರಿದೆ. ತಿಕೋಟಾ, ಬಬಲೇಶ್ವರ ಕಡೆಯ ಶೆಡ್ಡುಗಳಲ್ಲಿ ಒಣಗಿಸಿ ತುಂಬಿಟ್ಟ ಒಣದ್ರಾಕ್ಷಿ ಬಾಕ್ಸುಗಳನ್ನು ಹದಿನಾಲ್ಕು ಅಡಿಯ ಸಣ್ಣ ಲಾರಿಯಲ್ಲಿ ತಂದು ಇಳಿಸುವುದು ನನ್ನ ಕೆಲಸ. ಬೆಳಿಗ್ಗೆ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಜಲನಗರದ ಬಾಡಿಗೆ ಮನೆಯಲ್ಲಿರುತ್ತಿದ್ದೆ. ಅದಕ್ಕೂ ಮೊದಲು ಹದಿನೇಳು ವರ್ಷ ಇದೇ ಒಣದ್ರಾಕ್ಷಿಯನ್ನು ಹತ್ತು ಗಾಲಿಯ ಲಾರಿಯಲ್ಲಿ ದಿಲ್ಲಿಗೆ, ಕೋಲ್ಕತ್ತಾಗೆ ಒಯ್ದವನು ನಾನು. ಹಳೆಯ ಜೊತೆಗಾರರು ಹೊಸ ಗಾಡಿ ನೋಡಿ, ಇದು ಲಾರಿಯೋ ತೊಟ್ಟಿಲೋ ಎಂದು ನಕ್ಕರು. ನಗಲಿ. ದಿನಾ ಸಂಜೆ ಬಿಸಿ ರೊಟ್ಟಿ ತಿನ್ನುವವನು ನಾನು, ಅವರಲ್ಲ.

ದೂರದ ಲಾರಿ ಓಡಿಸುವವನಿಗೆ ಸುಳ್ಳು ಹೇಳುವುದು ಗೇರ್ ಬದಲಿಸಿದಷ್ಟೇ ಸಲೀಸು. ಮಾಲೀಕರು ಕೇಳಿದರೆ, ನಿಂತ ಊರಿಗಿಂತ ಐವತ್ತು ಕಿಲೋಮೀಟರ್ ಮುಂದಿನ ಊರಿನ ಹೆಸರು ಹೇಳುತ್ತೇವೆ. ಹೆಂಡತಿ ಕೇಳಿದರೆ, ಊಟ ಆಯಿತು, ಆರಾಮ ಇದ್ದೇನೆ ಎನ್ನುತ್ತೇವೆ. ಮೊದಲನೆಯದು ಬೈಗುಳ ತಪ್ಪಿಸಿಕೊಳ್ಳಲು, ಎರಡನೆಯದು ಅವಳ ನಿದ್ದೆ ಕೆಡದಿರಲಿ ಎಂದು. ಸಾವಿರದ ಆರುನೂರು ಕಿಲೋಮೀಟರ್ ಆಚೆ ಗಂಡನಿಗೆ ಜ್ವರ ಬಂದಿದೆ ಎಂದು ತಿಳಿದು ಅವಳಾದರೂ ಏನು ಮಾಡಬೇಕು? ನಾನು ಇದನ್ನು ಪ್ರೀತಿ ಎಂದೇ ತಿಳಿದಿದ್ದೆ. ಈಗಲೂ ಪೂರ್ತಿ ತಪ್ಪು ಅನ್ನಲಾರೆ.

ಆದರೆ ಕೊನೆಯ ವರ್ಷ ನಾಗಪುರದ ಆಚೆ ನನ್ನ ಲಾರಿ ಮಗ್ಗುಲಾಗಿ ಬಿತ್ತು. ಎರಡು ಪಕ್ಕೆಲುಬು ಮುರಿದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ನಾಲ್ಕೂ ದಿನ ಮನೆಗೆ, ಲೋಡಿಂಗ್ ತಡವಾಗಿದೆ ಎಂದೇ ಹೇಳಿದೆ. ಮನೆಗೆ ಬಂದ ಮೇಲೆ ಅಂಗಿ ಒಗೆಯಲು ತೆಗೆದ ನನ್ನ ಹೆಂಡತಿ ಕಮಲಾಳ ಕೈಗೆ ಜೇಬಿನಲ್ಲಿದ್ದ ಡಿಸ್ಚಾರ್ಜ್ ಚೀಟಿ ಸಿಕ್ಕಿತು. ಅವಳು ಜಗಳ ಮಾಡುವವಳಲ್ಲ. ಚೀಟಿ ಮಡಚಿ ನನ್ನ ಮುಂದಿಟ್ಟು ಒಂದೇ ಮಾತು ಕೇಳಿದಳು.

"ಸತ್ತಿದ್ರ ನನಗ ಯಾರು ಹೇಳ್ತಿದ್ರು?"

ಪಕ್ಕೆಲುಬು ಕೂಡಿಕೊಂಡ ಮೇಲೆ ಮತ್ತೆ ಎರಡು ತಿಂಗಳು ದೂರದ ಲಾರಿಗೇ ಹೋದೆ. ಆಗ ಕಮಲಾ ಫೋನ್ ಮಾಡಿ ಮನೆಯ ಸುದ್ದಿ, ಮಗಳ ಶಾಲೆಯ ಸುದ್ದಿ ಹೇಳಿ ಇಟ್ಟುಬಿಡುತ್ತಿದ್ದಳು. ಎಲ್ಲಿದ್ದೀರಿ ಎಂದು ಮಾತ್ರ ಕೇಳುತ್ತಿರಲಿಲ್ಲ. ಕೇಳಿ ಏನು ಉಪಯೋಗ ಎಂದು ಅವಳಿಗೆ ಅನ್ನಿಸಿತ್ತು. ಲಾರಿ ಮಗ್ಗುಲಾಗಿ ಬಿದ್ದಾಗ ಆಗದ ಸಂಕಟ ನನಗೆ ಆಗ ಆಯಿತು. ಪಗಾರ ಅರ್ಧಕ್ಕೆ ಇಳಿದರೂ ಸರಿ ಎಂದು ಲೋಕಲ್ ಕೆಲಸ ಹಿಡಿದದ್ದು ಅದಕ್ಕೇ. ಇನ್ನು ಮೇಲೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಮೊದಲ ದಿನವೇ ಹನ್ನೊಂದು ಗಂಟೆಗೆ ಫೋನ್ ಬಂತು, "ಎಲ್ಲದೀರಿ?" ನಾನು ಎಷ್ಟು ಹಿಗ್ಗಿದೆ ಎಂದರೆ, ಶೆಡ್ಡಿನ ಹೆಸರಿನ ಜೊತೆಗೆ ಎಷ್ಟು ಬಾಕ್ಸ್ ಏರಿಸಿದ್ದಾರೆ ಎನ್ನುವುದನ್ನೂ ವರದಿ ಒಪ್ಪಿಸಿದೆ.

ಮೂರನೆಯ ವಾರ. ತಿಕೋಟಾದಿಂದ ಇನ್ನೂರ ಇಪ್ಪತ್ತು ಬಾಕ್ಸ್ ಹೇರಿಕೊಂಡು ವಿಜಯಪುರಕ್ಕೆ ಬರುತ್ತಿದ್ದೆ. ಐದಾರು ಕಿಲೋಮೀಟರ್ ಬಂದಿರಬೇಕು, ಟೈ ರಾಡ್ ಕಳಚಿತು. ಮುಂದಿನ ಎರಡೂ ಗಾಲಿಗಳನ್ನು ಜೋಡಿಸಿ ಒಟ್ಟಿಗೆ ತಿರುಗುವಂತೆ ಮಾಡುವ ಸರಳು ಅದು. ಅದು ಹೋದರೆ ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದ ಹಾಗೆ. ವೇಗ ಕಡಿಮೆ ಇತ್ತು, ಪುಣ್ಯ. ಲಾರಿ ರಸ್ತೆ ಬಿಟ್ಟು ಇಳಿದು ಜಾಲಿ ಕಂಟಿಯಲ್ಲಿ ನಿಂತಿತು. ಒಂದು ಬಾಕ್ಸೂ ಬೀಳಲಿಲ್ಲ. ಸ್ಟೀರಿಂಗ್ ಗಿರ್ರನೆ ತಿರುಗಿ ಬಡಿದದ್ದಕ್ಕೆ ನನ್ನ ಎಡಗೈ ಮಣಿಕಟ್ಟು ಮಾತ್ರ ಊದಿಕೊಂಡಿತು. ಕೋಲ್ಡ್ ಸ್ಟೋರೇಜಿಗೆ ಸುದ್ದಿ ಮುಟ್ಟಿಸಿದೆ. ಮೆಕ್ಯಾನಿಕ್ ಬರಲು ಎರಡು ತಾಸು ಬೇಕು ಎಂದರು. ಅಷ್ಟರಲ್ಲಿ ನಮ್ಮ ಓಣಿಗೆ ಹಾಲು ಹಾಕುವ ಪರಸಪ್ಪ ಬೈಕಿನಲ್ಲಿ ಹೋಗುತ್ತಿದ್ದವನು ನಿಂತು ವಿಚಾರಿಸಿದ. ಏನೂ ಆಗಿಲ್ಲ, ಮನೆಯಲ್ಲಿ ಹೇಳಬೇಡ ಎಂದು ಕಳಿಸಿದೆ.

ಅರ್ಧ ತಾಸಿನ ಮೇಲೆ ಕಮಲಾಳ ಫೋನ್ ಬಂತು.

"ಎಲ್ಲದೀರಿ?"

ಹದಿನೇಳು ವರ್ಷದ ನಾಲಿಗೆ ನನ್ನನ್ನು ಕೇಳಲೇ ಇಲ್ಲ. "ಬಬಲೇಶ್ವರದಾಗ ಅದೇನಿ. ಊಟಕ್ಕ ಕುಂತೇನಿ."

"ಹೌದ? ಉಣ್ರಿ ಹಂಗಾರ."

ಫೋನ್ ಇಟ್ಟಳು. ಕೊಟ್ಟ ಮಾತು ಮುರಿದೆನೆಂದು ಕೂಡಲೇ ತಿಳಿಯಿತು, ಆದರೂ ಅವಳು ಹೆದರಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಬಿಸಿಲು ನೆತ್ತಿಗೇರಿತ್ತು. ಕೈ ನೋಯುತ್ತಿತ್ತು, ಹಸಿವೆಯೂ ಆಗಿತ್ತು. ಅಷ್ಟರಲ್ಲಿ ವಿಜಯಪುರದಿಂದ ತಿಕೋಟಾಗೆ ಹೋಗುವ ಬಸ್ಸು ಎದುರಿಗೇ ಬಂದು ದಾಟಿಹೋಯಿತು. ಕಿಟಕಿಯಲ್ಲಿ ಒಬ್ಬ ಹೆಣ್ಣುಮಗಳು ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು. ಕಮಲಾ ಹೀಗೆಯೇ ಬರಬಹುದಿತ್ತಲ್ಲ ಎನ್ನಿಸಿತು. ನಾಗಪುರಕ್ಕೆ ಅವಳು ಬರಲಾರಳು, ಅಲ್ಲಿನ ಸುಳ್ಳಿಗೆ ಒಂದು ನೆಪವಾದರೂ ಇತ್ತು. ಇಲ್ಲಿಗೆ ಮುಕ್ಕಾಲು ತಾಸಿನ ದಾರಿ. ಮತ್ತೆ ಯಾಕೆ ಬೇರೆಯೇ ದಾರಿಯ ಬಬಲೇಶ್ವರದ ಹೆಸರು ಹೇಳಿದೆ? ಕೂಡಲೇ ನಾನೇ ಫೋನ್ ಹಚ್ಚಿದೆ.

"ಕಮಲಾ, ನಾ ಬಬಲೇಶ್ವರದಾಗಿಲ್ಲ. ತಿಕೋಟಾ ದಾರ್ಯಾಗ ಗಾಡಿ ಕೆಳಗ ಇಳದೈತಿ. ಕೈ ಊದೇತಿ." ಅದನ್ನೂ ಹೇಳಿಬಿಟ್ಟೆ, "ಊಟಾನೂ ಆಗಿಲ್ಲ."

"ಬರ್ತೇನಿ" ಎಂದಳು, ಅಷ್ಟೇ.

ಮುಂದಿನ ಬಸ್ಸಿನಿಂದ ಇಳಿದಳು. ಕೈಯಲ್ಲಿ ರೊಟ್ಟಿ ಬುತ್ತಿ, ಕಟ್ಟಲು ಪಟ್ಟಿ, ನೋವಿನ ಮುಲಾಮು. ಇಷ್ಟು ಬೇಗ ಹೇಗೆ ಬಂದೆ ಎಂದು ಕೇಳಿದೆ. ನನ್ನ ಕೈಗೆ ಪಟ್ಟಿ ಸುತ್ತುತ್ತಲೇ ಹೇಳಿದಳು. ಪರಸಪ್ಪ ನನ್ನ ಕಣ್ಣು ಮರೆಯಾದ ಕೂಡಲೇ ಅವಳಿಗೆ ಫೋನ್ ಮಾಡಿದ್ದ. ಬುತ್ತಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದು, ಅಲ್ಲಿಂದಲೇ ನನಗೆ ಫೋನ್ ಮಾಡಿದ್ದಳು.

"ಗೊತ್ತಿದ್ರ ಆವಾಗ ಯಾಕ ಬರಲಿಲ್ಲ?" ಎಂದೆ.

"ನೀವು ಬಬಲೇಶ್ವರದಾಗ ಉಣ್ಣಾಕತ್ತಿದ್ರಿ. ನಾ ತಿಕೋಟಾ ಬಸ್ ಯಾಕ ಹತ್ತಲಿ? ಎರಡು ಬಸ್ ಬಿಟ್ಟೆ." ಪಟ್ಟಿಗೆ ಗಂಟು ಹಾಕಿ, ತಲೆ ಎತ್ತದೆ ಅಂದಳು, "ಇನ್ನೊಂದು ನೋಡಿ ಮನಿಗೆ ಹೋಗಾಕಿ ಇದ್ದೆ. ಹೋಗಿದ್ರ, ಮತ್ತ ಎಂದೂ ಎಲ್ಲದೀರಿ ಅಂತ ಕೇಳ್ತಿರಲಿಲ್ಲ."

ನಾನು ಬುತ್ತಿ ಬಿಚ್ಚಿ ಒಂದು ರೊಟ್ಟಿ ಅವಳ ಕೈಗಿಟ್ಟೆ. ಅವಳು ನೀರು ಕೊಟ್ಟಳು. ಮೆಕ್ಯಾನಿಕ್ ಬರುವವರೆಗೆ ಜಾಲಿ ನೆರಳಲ್ಲಿ ಇಬ್ಬರೂ ಕುಳಿತೆವು, ಮದುವೆಯಾದ ಹೊಸತರಲ್ಲೂ ಹಾಗೆ ಕುಳಿತವರಲ್ಲ.

ಲೋಕಲ್ ಕೆಲಸ ಹಿಡಿದರೆ ಸಂಜೆ ನಾನು ಮನೆಗೆ ಹೋಗಬಹುದು ಎಂದಷ್ಟೇ ಲೆಕ್ಕ ಹಾಕಿದ್ದೆ. ಮನೆಯವರೂ ನನ್ನ ಹತ್ತಿರ ಬರಬಹುದು ಎನ್ನುವುದು ಹೊಳೆದಿರಲೇ ಇಲ್ಲ. ದೂರದ ಲಾರಿ ಬಿಟ್ಟು ಬರುವವರು ಈಗ ನನ್ನನ್ನು ಕೇಳುತ್ತಾರೆ, ಈ ಕೆಲಸಕ್ಕೆ ಏನೇನು ಕಲಿಯಬೇಕು ಎಂದು. ಗಾಡಿ ಓಡಿಸುವುದು ನಿಮಗೆ ಗೊತ್ತೇ ಇದೆ, ಮನೆಯಿಂದ ಫೋನ್ ಬಂದಾಗ ನಿಂತ ಊರಿನ ಹೆಸರನ್ನೇ ಹೇಳುವುದು ಕಲಿಯಿರಿ ಎನ್ನುತ್ತೇನೆ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬುತ್ತಿ ಹಿಡಿದು, ಯಾವ ಬಸ್ ಹತ್ತಬೇಕು ಎಂದು ಕಾಯುತ್ತಿರಬಹುದು.