ಬ್ರೆಸ್ಟ್ ಎಂಬ ಮರ್ಯಾದೆಯ ಶಬ್ದ

ಊರೂರಿಗೆ ಹೋಗಿ ಹೆಂಗಸರಿಗೆ ಆರೋಗ್ಯದ ಮಾತು ಹೇಳುವುದು ನನ್ನ ಕೆಲಸ. ಅಲೆವೂರಿನಿಂದ ಅಜೆಕಾರಿನವರೆಗೆ ಎಷ್ಟು ಮಹಿಳಾ ಸಂಘಗಳ ಮುಂದೆ ನಿಂತಿದ್ದೇನೋ ನನಗೇ ನೆನಪಿಲ್ಲ. ಗಂಟು ಉಂಟಾ ಎಂದು ಕೈಯಿಂದ ಮುಟ್ಟಿ ನೋಡಿಕೊಳ್ಳುವುದು ಹೇಗೆ ಎಂದು ವಿವರಿಸುವಾಗ ನಾನು ಹೇಳುತ್ತಿದ್ದದ್ದು 'ಬ್ರೆಸ್ಟ್' ಎಂದೇ. 'ಸ್ತನ' ಎಂದರೆ ಪಾಠ ಓದಿದ ಹಾಗಾಗುತ್ತದೆ. ನಮ್ಮ ತುಳುವಿನ 'ಮಿರೆ' ಎಂದರೆ ಹಿಂದಿನ ಸಾಲಿನವರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ, ಮುಂದಿನವರು ನೆಲ ನೋಡುತ್ತಾರೆ. ಬ್ರೆಸ್ಟ್ ಎಂದರೆ ಯಾರಿಗೂ ಏನೂ ಆಗುವುದಿಲ್ಲ. ಬಾಗಿಲಲ್ಲಿ ನಿಂತ ಗಂಡಸು ಕೂಡ ಕದಲುವುದಿಲ್ಲ. ಯಾರ ಮೈಯಲ್ಲೂ ಇಲ್ಲದ ಯಾವುದೋ ವಸ್ತುವಿನ ಹೆಸರಿನಂತೆ ಅದು ಕೇಳಿಸುತ್ತದೆ. ಅದೇ ಅದರ ಅನುಕೂಲ ಎಂದು ಹೊಸಬರಿಗೆ ಜಂಬದಿಂದ ಹೇಳಿಕೊಟ್ಟವಳೂ ನಾನೇ. ಶಂಕರಪುರದಲ್ಲಿ, ನನ್ನ ತವರಿನಲ್ಲಿ, ಸಭೆ ಮಾಡಿದಾಗ ಅಮ್ಮ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಅವತ್ತು ಆ ಶಬ್ದ ಇನ್ನೂ ಹೆಚ್ಚು ಉಪಯೋಗಕ್ಕೆ ಬಂತು. ಅವಳ ತಲೆಯ ಮೇಲಿನಿಂದ ಗೋಡೆ ನೋಡುತ್ತಾ ಮಾತಾಡಿ ಮುಗಿಸಿದೆ.

ಕಳೆದ ಮಳೆಗಾಲದ ಕೊನೆಗೆ ಸ್ನಾನ ಮಾಡುವಾಗ ನನ್ನದೇ ಎಡಗಡೆ ಕಡಲೆಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು. ಮಣಿಪಾಲದಲ್ಲಿ ಸೂಜಿ ಚುಚ್ಚಿ ಸ್ಯಾಂಪಲ್ ತೆಗೆದು, ರಿಪೋರ್ಟಿಗೆ ನಾಲ್ಕು ದಿನ ಎಂದರು. ಊರಿಗೆಲ್ಲ ಧೈರ್ಯ ಹೇಳುವವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಮೊದಲ ದಿನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದೆ. ತೊಳೆದದ್ದನ್ನೇ ಸಂಜೆ ಮತ್ತೆ ತೊಳೆದೆ. ಎರಡನೆಯ ದಿನ ಕಾಪುವಿನ ಕಡಲ ತಡಿಗೆ ಹೋಗಿ, ಐದು ನಿಮಿಷವೂ ನಿಲ್ಲದೆ ಸ್ಕೂಟರ್ ತಿರುಗಿಸಿದೆ. "ಎಂತ ಆಗಿದೆ ನಿನಗೆ?" ಎಂದು ಗಂಡ ಕೇಳಿದರೆ, "ಎದೆ ಹತ್ತಿರ ಎಂತದೋ ಸಣ್ಣದು, ಚೆಕಪ್ ಮಾಡಿಸಿದ್ದೇನೆ" ಎಂದು ತೇಲಿಸಿದೆ. ಊರವರ ಮುಂದೆ ಸರಾಗವಾಗಿ ಬರುತ್ತಿದ್ದ ಇಂಗ್ಲಿಷ್ ಶಬ್ದವೂ ಆಗ ಬಾಯಿಗೆ ಬರಲಿಲ್ಲ. ನನ್ನ ಮೇಲೆ ನನಗೇ ರೇಗಿತು.

ಮೂರನೆಯ ದಿನ ಬೆಳಿಗ್ಗೆ ಶಂಕರಪುರಕ್ಕೆ ಹೋದೆ. ಅಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದಳು. ಹೂವು ಹನ್ನೊಂದಕ್ಕೆ ಮೊದಲು ಮಾರಾಟದ ಕಟ್ಟೆ ಸೇರಬೇಕು, ಅಷ್ಟರವರೆಗೆ ಅವಳ ಕೈ ಯಾರಿಗೂ ನಿಲ್ಲುವುದಿಲ್ಲ. ನಾನೂ ಬಾಳೆನಾರು ಹಿಡಿದು ಕುಳಿತೆ. ನಾನು ಕಟ್ಟಿದ್ದೆಲ್ಲ ಸಡಿಲ. ಅಮ್ಮ ಬಿಚ್ಚಿ ಬಿಚ್ಚಿ ಕಟ್ಟಿದಳು. ಕೊನೆಗೆ ನನ್ನ ಕೈಯಿಂದ ನಾರು ಕಸಿದುಕೊಂಡಳು.

"ಎಂತಕ್ಕೆ ಹೂವಿನ ಮೇಲೆ ಸಿಟ್ಟು ಮಗಾ? ಎಂತದು ಹೇಳು."

"ಬ್ರೆಸ್ಟಲ್ಲಿ ಒಂದು ಗಂಟು ಸಿಕ್ಕಿದೆ ಅಮ್ಮ. ನಾಳೆ ರಿಪೋರ್ಟು."

ಅವಳ ಕೈ ನಿಂತಿತು.

"ಮಿರೆಯಲ್ಲಾ?"

ತಲೆಯಾಡಿಸಿದೆ.

"ಒತ್ತಿದರೆ ಜಾರುತ್ತದಾ?"

"ಜಾರುತ್ತದೆ."

"ನನ್ನದು ಜಾರುವುದಿಲ್ಲ" ಎಂದಳು.

ಜಾರುವ ಗಂಟಿಗಿಂತ ಜಾರದ ಗಂಟಿಗೆ ಹೆಚ್ಚು ಹೆದರಬೇಕೆಂದು ಅವಳಿಗೆ ಕಲಿಸಿದವಳು ನಾನು. ಯಾವಾಗಿನಿಂದ ಎಂದು ಕೇಳಿದ್ದು ಕೂಗಿದ ಹಾಗೇ ಇತ್ತು.

"ನೀನು ಇಲ್ಲಿ ಮೀಟಿಂಗ್ ಮಾಡಿದಿ ಅಲ್ವಾ, ಅದೇ ದಿನ. ಮನೆಗೆ ಬಂದು ನೀನು ಹೇಳಿದ ಹಾಗೆಯೇ ನೋಡಿಕೊಂಡೆ. ಆವಾಗ ಸಣ್ಣದು ಇತ್ತು."

ಆ ಸಭೆಯಾಗಿ ವರ್ಷದ ಮೇಲಾಗಿತ್ತು.

"ನನಗೆ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?"

"ಹೇಗೆ ಹೇಳುವುದು? ನಿನ್ನ ಇಂಗ್ಲಿಷ್ ನನ್ನ ಬಾಯಲ್ಲಿ ತಿರುಗುವುದಿಲ್ಲ. ನಮ್ಮ ಶಬ್ದ ನಿನಗೆ ಮರ್ಯಾದೆಗೆ ಕಡಿಮೆ. ನನ್ನ ಮುಖ ಕೂಡ ನೋಡಲಿಲ್ಲ ನೀನು ಆ ದಿನ." ಚೆಲ್ಲಿದ ಹೂವು ಒಟ್ಟುಮಾಡುತ್ತಾ, "ಈಗ ನಿನಗೂ ಬಂತಲ್ಲ, ಹಾಗೆ ಹೇಳಿದೆ" ಎಂದಳು. ನನ್ನಲ್ಲಿ ಸಿಟ್ಟಿತ್ತು, ಆದರೆ ಅದನ್ನು ಅವಳ ಮೇಲೆ ಹಾಕಲು ಜಾಗವಿರಲಿಲ್ಲ. ಕಟ್ಟೆಯ ಹೊತ್ತಾಯಿತೆಂದು ಅವಳು ಮತ್ತೆ ನಾರು ಹಿಡಿದಳು.

ಮರುದಿನ ಬಂದ ನನ್ನ ರಿಪೋರ್ಟಿನಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಸಂತೋಷಪಡಲು ಪುರಸೊತ್ತೂ ಇರಲಿಲ್ಲ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ, ನನಗೆ ಸೂಜಿ ಚುಚ್ಚಿದ ಅದೇ ಕೋಣೆಗೆ. ತುಂಬ ಚಿಕ್ಕ ಪ್ರಾಯದ ಡಾಕ್ಟರು ಕಾಗದ ಎಳೆದುಕೊಂಡು, "ಬ್ರೆಸ್ಟಲ್ಲಿ ಯಾವ ಸೈಡ್ ಅಮ್ಮ?" ಎಂದು ಕೇಳಿದರು. ಅಮ್ಮ ನನ್ನ ಕಡೆ ನೋಡಿದಳು. ನಾನು ಅವಳ ಮುಖವನ್ನೇ ನೋಡಿಕೊಂಡು ತುಳುವಿನಲ್ಲಿ ಕೇಳಿದೆ, ಯಾವ ಮಿರೆ ಎಂದು. ಪರದೆಯಾಚೆ ಕಾಯುತ್ತಿದ್ದವರಿಗೂ ಕೇಳಿಸಿರಬೇಕು.

"ಬಲದ್ದು" ಎಂದಳು.

"ಯಾವಾಗಿನಿಂದ?" ಡಾಕ್ಟರು ತಲೆಯೆತ್ತದೆ ಬರೆಯುತ್ತಿದ್ದರು. ಅಮ್ಮನಿಗೆ ತಾರೀಕು ನೆನಪಿರಲಿಲ್ಲ. ಚೀಲದಿಂದ ನನ್ನ ಕೆಲಸದ ಡೈರಿ ತೆಗೆದೆ. ಶಂಕರಪುರದ ಸಭೆಯ ಪುಟ ಸಿಕ್ಕಿತು. ತಾರೀಕಿನ ಕೆಳಗೆ ನನ್ನದೇ ಅಕ್ಷರದಲ್ಲಿತ್ತು: 'ತೊಂದರೆ ಇರುವವರು: ಯಾರೂ ಇಲ್ಲ.'