ಮೂವತ್ತು ದಾಟಿದ ಮೇಲೆ ಸಾಕುಮಗಳಾದದ್ದು

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಅಜ್ಜಂಪುರದಿಂದ ಬೀರೂರಿಗೆ ಹೋಗುವ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಜನ ಕಂಬಿ ಹಿಡಿದು ಜೋತಾಡುತ್ತಾರೆಯೇ ಹೊರತು ನನ್ನ ಪಕ್ಕ ಕೂರುವುದಿಲ್ಲ. ನನ್ನ ಮುಖ, ಕತ್ತು, ಕೈಗಳ ಮೇಲೆಲ್ಲ ಗಂಟುಗಳಿವೆ. ಕೆಲವು ಕಡಲೆಕಾಳಿನಷ್ಟು, ಕೆಲವು ಅಡಿಕೆಯಷ್ಟು. ಎಡಗಣ್ಣಿನ ರೆಪ್ಪೆಯ ಮೇಲಿನದು ಕಣ್ಣನ್ನು ಅರ್ಧ ಮುಚ್ಚಿದೆ. ಮೈನೆರೆದ ಮೇಲೆ ಒಂದೊಂದಾಗಿ ಬಂದವು. ಅವು ನೋಯುವುದಿಲ್ಲ. ನೋಯಿಸುವ ಕೆಲಸವನ್ನು ಜನ ವಹಿಸಿಕೊಂಡಿದ್ದಾರೆ.

ಮೊದಲು ನರುಲಿ ಇರಬೇಕು ಅಂದುಕೊಂಡು ಅವ್ವ ದೇವಸ್ಥಾನದಲ್ಲಿ ಉಪ್ಪು, ಮೆಣಸು ಹಾಕಿಸಿದಳು. ಆಮೇಲೆ ಯಾರೋ ನಾಗದೋಷ ಅಂದರು, ಕಲ್ಲಿಗೆ ಹಾಲೆರೆದದ್ದಾಯಿತು. ಮಠದಿಂದ ವಿಭೂತಿ ಬಂತು. ಗಂಟುಗಳಿಗೆ ಯಾರ ಮೇಲೂ ಭಕ್ತಿ ಇರಲಿಲ್ಲ, ತಮ್ಮ ಪಾಡಿಗೆ ಬೆಳೆದವು.

ನಮ್ಮದು ಹಿಟ್ಟಿನ ಗಿರಣಿ. ಅಪ್ಪ ಸತ್ತ ಮೇಲೆ ನಡೆಸುತ್ತಿರುವುದು ನಾನೇ. ಬೆಲ್ಟು ಹರಿದರೆ ಹಾಕುವುದು, ಕಲ್ಲು ಸವೆದರೆ ಕುಟ್ಟಿಸುವುದು, ಎಲ್ಲ ನಾನೇ. ಆದರೂ ರಾಗಿ ಡಬ್ಬಿ ತಂದವರು ಅದನ್ನು ಅವ್ವನ ಕೈಗೆ ಕೊಟ್ಟು, "ನೀನೇ ಹಾಕ್ಕೊಡು ಕಣಮ್ಮ, ಅವ್ಳು ಮುಟ್ಟೋದ್ ಬ್ಯಾಡ" ಅನ್ನುತ್ತಿದ್ದರು. ಅವ್ವ ಹೂಂ ಅನ್ನುತ್ತಿದ್ದಳು. ಅವರು ಅತ್ತ ಹೋದ ಮೇಲೆ ಡಬ್ಬಿ ನನ್ನ ಕೈಗೆ ಬರುತ್ತಿತ್ತು. ಇಡೀ ಊರು ವರ್ಷಗಟ್ಟಲೆ ನನ್ನ ಕೈಯಿಂದಲೇ ಮುದ್ದೆ ನುಂಗಿದೆ. ಯಾರಿಗೂ ಒಂದು ಗುಳ್ಳೆ ಎದ್ದಿಲ್ಲ.

ನನಗಿರುವುದು ಒಬ್ಬಳೇ ತಂಗಿ. ನಾನು ಹುಟ್ಟಿ ಹತ್ತು ವರ್ಷದ ಮೇಲೆ ಹುಟ್ಟಿದವಳು. ಮುಖ ಬೆಣ್ಣೆಯ ಹಾಗೆ ನುಣುಪು. ಬೆನ್ನ ಮೇಲೆ ಮಾತ್ರ ಕಾಫಿ ಚೆಲ್ಲಿದಂಥ ಕಂದು ಮಚ್ಚೆಗಳಿವೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ಆ ಬೆನ್ನು ಉಜ್ಜಿದವಳು ನಾನು. ನನಗೂ ಅವ್ವನಿಗೂ ಬಿಟ್ಟರೆ ಅದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಅಂದರೆ ಹಿಂದಿನ ದಿನವೇ ನನ್ನನ್ನು ಯಗಟಿಯ ಚಿಕ್ಕಮ್ಮನ ಮನೆಗೆ ಬಸ್ಸು ಹತ್ತಿಸುತ್ತಿದ್ದರು. ಗೋಡೆಯ ಮೇಲಿನ ನನ್ನ ಫೋಟೋ ಕೂಡ ಆ ದಿನ ಕೆಳಗಿಳಿಯುತ್ತಿತ್ತು. ಯಗಟಿಯಲ್ಲಿ ಚಿಕ್ಕಮ್ಮನ ಕುರಿಗಳು ನನ್ನನ್ನು ನೋಡಿ ಮುಖ ತಿರುಗಿಸುತ್ತಿರಲಿಲ್ಲ. ಅವುಗಳಿಗೆ ಅಷ್ಟು ಸಂಸ್ಕಾರವಿತ್ತು.

ಹೀಗಿರುವಾಗ ಒಂದು ಸೇವಾ ಸಂಘದವರು ಗಿರಣಿಗೆ ಬಂದರು. ನಿಮ್ಮ ಕಾಯಿಲೆಯ ಬಗ್ಗೆ ಜನಜಾಗೃತಿ ಮೂಡಿಸುತ್ತೇವೆ, ನೀವು ವೇದಿಕೆಯ ಮೇಲೆ ಸುಮ್ಮನೆ ಕೂತರೆ ಸಾಕು ಅಂದರು. ಹೋಗಿ ಕೂತೆ. ಹಾರ, ಶಾಲು, ಸ್ವಾಗತ, ನೆನಪಿನ ಕಾಣಿಕೆ ಎಲ್ಲ ಮುಗಿದ ಮೇಲೆ, ಹೊರಗಿನಿಂದ ಬಂದಿದ್ದ ಡಾಕ್ಟರಮ್ಮನಿಗೆ ಚೂರು ಸಮಯ ಉಳಿದಿತ್ತು. ಆಕೆ ಒಬ್ಬರೇ ನೆಟ್ಟಗೆ ಮಾತಾಡಿದವರು. ಇದು ಮುಟ್ಟಿದರೆ ಬರುವುದಿಲ್ಲ, ಹುಟ್ಟುವಾಗಲೇ ವಂಶವಾಹಿಯಲ್ಲಿ ಇರುತ್ತದೆ. ತಂದೆ ತಾಯಿಯಿಂದ ಬರಬಹುದು, ಯಾರಿಗೂ ಇಲ್ಲದೆ ಹೊಸದಾಗಿಯೂ ಬರಬಹುದು. ಒಂದೇ ಮನೆಯಲ್ಲಿ ಒಬ್ಬರಿಗೆ ಮೈತುಂಬ ಗಂಟು, ಇನ್ನೊಬ್ಬರಿಗೆ ಬರೀ ಮಚ್ಚೆ. ಅಂಥ ಮಚ್ಚೆಗಳಿರುವ ಮಕ್ಕಳ ಕಣ್ಣನ್ನು ಚಿಕ್ಕಂದಿನಲ್ಲೇ ಪರೀಕ್ಷೆ ಮಾಡಿಸಿ, ಕಣ್ಣಿನ ನರದ ಮೇಲೆ ಗಂಟು ಬೆಳೆದರೆ ದೃಷ್ಟಿ ಹೋಗಬಹುದು ಅಂದರು. ಅಂಗಿ ಬಿಚ್ಚಲು ನಾಚುತ್ತಿದ್ದ ಅಪ್ಪನ ಬೆನ್ನಿನ ಮೇಲಿದ್ದ ಒಂದೆರಡು ಗಂಟು ಆಗ ನೆನಪಾದವು. ಸಭಿಕರು ಉಪ್ಪಿಟ್ಟಿನ ಪಾತ್ರೆಯ ಕಡೆ ನೋಡುತ್ತಿದ್ದರು.

ಕೆಲವೇ ದಿನಗಳಲ್ಲಿ ನನ್ನ ಮುಖ ಫ್ಲೆಕ್ಸ್ ಆಯಿತು. ಅಜ್ಜಂಪುರ, ಕಡೂರು, ತರೀಕೆರೆ, ಮೂರು ಕಡೆಯೂ ಬಸ್‌ಸ್ಟ್ಯಾಂಡಿನಲ್ಲಿ ನೇತಾಡಿದೆ. ಹಾಕುವ ಮುಂಚೆ ನನ್ನನ್ನು ಒಂದು ಮಾತು ಕೇಳಿದವರಿಲ್ಲ. ಸುತ್ತ ಕೈಮುಗಿದ ದಾನಿಗಳು, ಅವರ ಮುಖಗಳು ನನ್ನ ಮುಖಕ್ಕಿಂತ ದೊಡ್ಡವು. ಕೆಳಗೆ ನನ್ನ ಹೆಸರು, ಊರು, ಆಮೇಲೆ ದಪ್ಪ ಅಕ್ಷರದಲ್ಲಿ, 'ಇದು ಅಂಟುರೋಗವಲ್ಲ, ರಕ್ತದಲ್ಲಿ ಬರುವ ಕಾಯಿಲೆ. ಭಯ ಬೇಡ, ಪ್ರೀತಿ ಇರಲಿ.'

ಅಂಟುರೋಗವಲ್ಲ ಎಂಬುದು ಅಜ್ಜಂಪುರಕ್ಕೆ ತಲುಪಿತು. ರಾಗಿ ಡಬ್ಬಿ ನನ್ನ ಕೈಗೇ ಬರತೊಡಗಿತು. ಒಬ್ಬಾಕೆಯಂತೂ ನಾಲ್ಕು ಜನರ ಮುಂದೆ ನನ್ನ ತೋಳು ಹಿಚುಕಿ, "ನೋಡ್ರೀ, ನಂಗೇನೂ ಭಯ ಇಲ್ಲ" ಅಂದಳು. ಅವಳ ಕೈಗೆ ಸೌಟಿನಿಂದ ಒಂದು ಕೊಡಬೇಕು ಅನ್ನಿಸಿತು. ರಕ್ತದಲ್ಲಿ ಬರುತ್ತದೆ ಎಂಬ ಇನ್ನರ್ಧ ತರೀಕೆರೆಗೆ ತಲುಪಿತು. ಅಲ್ಲಿನ ಅಂಗಡಿಯವರ ಮನೆಗೆ ತಂಗಿಯನ್ನು ಕೊಡುವ ಮಾತು ಮುಗಿದಿತ್ತು, ವೀಳ್ಯ ಬದಲಾಯಿಸುವುದಷ್ಟೇ ಬಾಕಿ.

ಹುಡುಗನ ತಾಯಿ ಹೇಳದೆ ಕೇಳದೆ ಬಂದಿಳಿದರು. ನನ್ನನ್ನು ಯಗಟಿಗೆ ಕಳಿಸಲು ಪುರುಸೊತ್ತಿರಲಿಲ್ಲ. ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ಗಿರಣಿಯ ಬಾಗಿಲಲ್ಲೇ ನಿಂತಿದ್ದೆ.

"ಬಸ್‌ಸ್ಟ್ಯಾಂಡ್ನಾಗೆ ಹಾಕಿರೋದು ಈ ಹುಡ್ಗಿನೇ ಅಲ್ವಾ? ರಕ್ತದಾಗೆ ಬತ್ತದಂತೆ. ಹಂಗಾದ್ರೆ ನಿಮ್ ಚಿಕ್ಕೋಳಿಗೆ?"

ಅವ್ವ ಉಗುಳು ನುಂಗುವಷ್ಟೂ ಹೊತ್ತು ತೆಗೆದುಕೊಳ್ಳಲಿಲ್ಲ. "ಅಯ್ಯೋ ಬೀಗ್ರೇ, ಇವ್ಳು ನನ್ ಹೊಟ್ಟೇಲಿ ಹುಟ್ಟಿದೋಳಲ್ಲ ಕಣ್ರೀ. ಮಕ್ಳಾಗ್ಲಿಲ್ಲ ಅಂತ ಸಿಂಗಟಗೆರೆ ಕಡೆಯಿಂದ ತಂದು ಸಾಕ್ಕಂಡಿದ್ದು. ಹತ್ತು ವರ್ಷ ಆದ್ಮೇಲೆ ದೇವ್ರು ಕಣ್ಬಿಟ್ಟ, ಚಿಕ್ಕೋಳು ಹುಟ್ಟಿದ್ಲು."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಮ್ಮವ್ವ ಒಂದೇ ಸುಳ್ಳಿನಲ್ಲಿ ಮುಗಿಸಿದಳು. ಬೀಗಿತ್ತಿಯ ಮುಖ ಅರಳಿತು. "ದೊಡ್ಡ ಮನ್ಸು ಬುಡಿ ನಿಮ್ದು, ಇಂಥಾದ್ನೂ ಸಾಕಿದೀರಲ್ಲ" ಅಂದು ಕಾಫಿ ಕುಡಿದು ಹೊರಟರು. ಅವರ ಬಾಯಲ್ಲಿ ನಾನು ಇಂಥವಳೂ ಆಗಿರಲಿಲ್ಲ, ಇಂಥಾದ್ದು.

ಅವರು ಹೋದ ಮೇಲೆ ಕೇಳಿದೆ. "ಏನವ್ವಾ, ನಾನು ಯಾರ ಹೊಟ್ಟೇಲಿ ಹುಟ್ಟಿದ್ದು?"

"ಒಂದ್ ಮಾತಿಗೆ ನಿನ್ ಮೈ ಏನು ಸವೆದೋಯ್ತಾ? ಅವ್ಳ ಬಾಳು ನೆಟ್ಟಗಾಗ್ಲಿ ಬುಡು."

ತಂಗಿ ಅಲ್ಲೇ ಇದ್ದಳು. ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾನು ಬಾಯಿ ಬಿಟ್ಟರೆ ಅವಳ ಬೆನ್ನೂ ಬಯಲಾಗುತ್ತಿತ್ತು, ಅವಳ ಮೇಲೆ ನನಗೆ ಹಾಳು ಪ್ರೀತಿ. ಹಾಗಾಗಿ ಹಲ್ಲು ಕಚ್ಚಿಕೊಂಡೆ. ಇದನ್ನು ತ್ಯಾಗ ಅಂತ ಯಾರಾದರೂ ಅಂದರೆ ಅವರ ಮುಖಕ್ಕೆ ಹಿಟ್ಟು ಎರಚುತ್ತೇನೆ. ಹೊಟ್ಟೆ ಉರಿದು ಬೂದಿಯಾಗಿತ್ತು. ಊರಿನವರಿಗೆಲ್ಲ ನಿಜ ಗೊತ್ತಿತ್ತು, ಮದುವೆ ಮುರಿದ ಪಾಪ ನಮಗ್ಯಾಕೆ ಅಂತ ಸುಮ್ಮನಿದ್ದರು. ಸಾಕುಮಗಳಾದ್ದರಿಂದ ಮದುವೆಗೆ ನನ್ನನ್ನು ಯಗಟಿಗೆ ಕಳಿಸುವ ಅಗತ್ಯ ಬೀಳಲಿಲ್ಲ. ಪಂಕ್ತಿಯಲ್ಲಿ ಬಡಿಸುತ್ತಿದ್ದರೆ ಬೀಗರ ಕಡೆಯವರು, "ಪಾಪ, ಸಾಕಿದ್ ಋಣ ತೀರಿಸ್ತಾವ್ಳೆ" ಅಂತ ಮಾತಾಡಿಕೊಂಡರು. ಪಾಯಸ ಅವರ ತೊಡೆಗೆ ಸುರಿಯದೆ ಎಲೆಗೇ ಬಡಿಸಿದೆ.

ಹೆರಿಗೆಗೆ ತಂಗಿ ನಮ್ಮ ಮನೆಗೇ ಬಂದಳು. ಹೆಣ್ಣು ಮಗು. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ನನ್ನದು. ಮಗುವಿನ ಬೆನ್ನಿನ ಮೇಲೆ ಕಾಫಿ ಬಣ್ಣದ ಮಚ್ಚೆಗಳು ಒಂದೊಂದಾಗಿ ಕಾಣಿಸತೊಡಗಿದವು. ಅವ್ವನನ್ನು ಕರೆದು ತೋರಿಸಿದೆ.

"ಹುಟ್ಟುಮಚ್ಚೆ ಕಣೇ, ಅದೃಷ್ಟದ್ದು" ಅಂದು ಅವಳು ಪೌಡರ್ ಡಬ್ಬಿ ತಂದಳು. ತಂಗಿಯ ಬೆನ್ನು ನೋಡಿದ ಅಳಿಯನಿಗೂ ಇದೇ ಉತ್ತರ ಸಿಕ್ಕಿತ್ತು.

ಅಂದಿನಿಂದ ಪೌಡರೇ ಪೌಡರು. ಮಗು ನಮ್ಮ ಗಿರಣಿಯಿಂದ ಬಂದ ಹಾಗೆ ಕಾಣುತ್ತಿತ್ತು. ಆಮೇಲೆ ಒಂದು ಕಣ್ಣು ಸ್ವಲ್ಪ ಓರೆಯಾದಂತೆ ಕಂಡಿತು ನನಗೆ. ಡಾಕ್ಟರಮ್ಮನ ಮಾತು ತಲೆಯಲ್ಲಿ ಕೂತಿತ್ತು. ಆಸ್ಪತ್ರೆಗೆ ಹೋಗೋಣ ಅಂದರೆ ಅವ್ವ, ಈಗ ಬೇಡ, ತರೀಕೆರೆಗೆ ಹೋದ ಮೇಲೆ ಅವರೇ ನೋಡಿಕೊಳ್ಳುತ್ತಾರೆ ಅಂದಳು. ತಂಗಿ, "ಅಕ್ಕಾ, ಸುಮ್ನಿರೇ, ಗೊತ್ತಾದ್ರೆ ಏನ್ಮಾಡ್ಲಿ ನಾನು?" ಅಂತ ಅತ್ತಳು. ಇವರಿಗೆ ಆ ಕೂಸಿನ ಕಣ್ಣು ಹೋದರೂ ಪರವಾಗಿಲ್ಲ, ಮಾತು ಹೊರಗೆ ಹೋಗಬಾರದು. ಆಗ ನನ್ನ ತಲೆ ಕೆಟ್ಟಿತು.

"ಡಾಕ್ಟ್ರಿಗೆ ತೋರಿಸ್ದೆ ಇದನ್ನ ಇಲ್ಲಿಂದ ಕಳ್ಸಿ ನೋಡಿ. ತರೀಕೆರೆ ಬಸ್‌ಸ್ಟ್ಯಾಂಡ್ನಾಗೆ ನನ್ ಫ್ಲೆಕ್ಸ್ ಕೆಳಗೇ ನಿಂತು ಕೂಗಿ ಹೇಳ್ತೀನಿ."

ಅಂತೂ ಕಡೂರಿನ ಮಕ್ಕಳ ಡಾಕ್ಟರ ಹತ್ತಿರ ಹೊರಟೆವು. ತಂಗಿಯನ್ನೂ ಮಗುವನ್ನೂ ಕರೆದೊಯ್ಯಲು ಬಂದಿದ್ದ ಬೀಗಿತ್ತಿಯೂ ಜೊತೆಗೇ ಬಂದರು. ಡಾಕ್ಟರು ಮಗುವನ್ನು ಮಗುಚಿ ಮಲಗಿಸಿ, ಹತ್ತಿ ಒದ್ದೆ ಮಾಡಿ ಪೌಡರ್ ಒರೆಸಿ, ಹೊತ್ತು ತೆಗೆದುಕೊಂಡು ನೋಡಿದರು.

"ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?"

"ನಮ್ ಕಡೆ ಯಾರ್ಗೂ ಇಲ್ಲ, ಅವ್ರ ಕಡೆನೂ ಯಾರ್ಗೂ ಇಲ್ಲ" ಅಂದರು ಬೀಗಿತ್ತಿ.

ಡಾಕ್ಟರು ನನ್ನ ಮುಖ ನೋಡಿದರು. "ಇವರು?"

"ಅದು ಸಾಕಿದ್ದು ಸಾರ್."

ನಾನು ಅವ್ವನ ಕಡೆ ನೋಡಿದೆ. ಇಡೀ ಜನ್ಮದಲ್ಲಿ ಅವಳಿಂದ ನಾನು ಏನಾದರೂ ಬೇಡಿದ್ದರೆ ಅದು ಆಗ. ಅವ್ವ ತಲೆ ಎತ್ತಿ ಫ್ಯಾನು ನೋಡುತ್ತಿದ್ದಳು. ಅದು ತಿರುಗುತ್ತಲೂ ಇರಲಿಲ್ಲ.

"ನಾನು ಈ ಮಗೂಗೆ ಸ್ವಂತ ದೊಡ್ಡಮ್ಮ ಡಾಕ್ಟ್ರೇ" ಅಂದೆ. "ನಮ್ಮಪ್ಪನ ಬೆನ್ನ ಮೇಲೂ ಗಂಟಿತ್ತು."

"ಸುಳ್ಳು ಸಾರ್, ಹೊಟ್ಟೆಕಿಚ್ಚಿಗೆ ಹೇಳ್ತಾವ್ಳೆ!" ಬೀಗಿತ್ತಿ ಕೂಗಿದರು.

ಆಗ ತಂಗಿ ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಡಾಕ್ಟರಿಗೆ ಬೆನ್ನು ತಿರುಗಿಸಿ ನಿಂತು ಸೆರಗು ಸರಿಸಿದಳು. ರವಿಕೆಯ ಕೆಳಗೆ ಸೊಂಟದ ತನಕ ಮಚ್ಚೆಗಳು.

"ನಂಗೂ ಐತೆ ಸಾರ್. ಇವ್ಳು ನಮ್ಮಕ್ಕ. ಒಂದೇ ಹೊಟ್ಟೇಲಿ ಹುಟ್ಟಿದೋರು."

ಡಾಕ್ಟರು ಕಣ್ಣಿನ ಪರೀಕ್ಷೆಗೆ ಚೀಟಿ ಬರೆದು, ತಡಮಾಡದೆ ಮಾಡಿಸಿ ಅಂದರು. ಹೊರಗೆ ಬಂದ ಮೇಲೆ ಬೀಗಿತ್ತಿ ಅವ್ವನಿಗೆ ರಸ್ತೆಯಲ್ಲೇ ಮೋಸಗಾತಿ ಅಂತ ಬೈದು, ಸೊಸೆಗೆ ಈಗಲೇ ಹೊರಡು ಅಂದರು. "ಮಗೂ ಕಣ್ಣು ತೋರಿಸ್ಕಂಡು ಆಮೇಲೆ ಬತ್ತೀನಿ ಅತ್ತೆ" ಅಂದಳು ತಂಗಿ. ಗಂಡನ ಮನೆಯ ಬಾಗಿಲು ಆಮೇಲೆ ತೆರೆಯುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಬೀಗಿತ್ತಿ ಒಬ್ಬರೇ ತರೀಕೆರೆ ಬಸ್ಸು ಹತ್ತಿದರು.

ನಮ್ಮ ಬಸ್ಸೂ ತುಂಬಿತ್ತು. ಮಗು ಇದೆ ಅಂತ ತಂಗಿಗೆ ಮುಂದೆ ಯಾರೋ ಜಾಗ ಬಿಟ್ಟರು. ನಾನು ಹಿಂದೆ ಕೂತೆ. ಯಥಾಪ್ರಕಾರ ನನ್ನ ಪಕ್ಕದ ಸೀಟು ಖಾಲಿ. ಅವ್ವ ಬಸ್ಸೆಲ್ಲ ಹುಡುಕಿ ಕೊನೆಗೆ ನನ್ನ ಹತ್ತಿರ ಬಂದಳು. ನಾನು ತೊಡೆಯ ಮೇಲಿದ್ದ ಬ್ಯಾಗನ್ನು ಎತ್ತಿ ಆ ಸೀಟಿನ ಮೇಲಿಟ್ಟೆ.

"ಬ್ಯಾಗ್ ತೆಗಿಯೇ, ಕೂತ್ಕಂತೀನಿ."

"ಇಲ್ಲಿ ಜನ ಬತ್ತಾರೆ."

"ಯಾರೇ ಬರೋರು?"

"ನನ್ನ ಹೆತ್ತವ್ವ. ಸಿಂಗಟಗೆರೆಯಿಂದ ಬತ್ತಾಳೆ."

ಅವ್ವ ಕಂಬಿ ಹಿಡಿದು ನಿಂತಳು. ಬೀರೂರು ದಾಟಿದ ಮೇಲೂ ನಾನು ಬ್ಯಾಗ್ ತೆಗೆಯಲಿಲ್ಲ.